ನಡುನೀರಿನಲ್ಲಿ ನಿಲ್ಲುತ್ತಿದ್ದ ಇಂಜಿನ್

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯವರು, ಕಾರ್ಖಾನೆಯ ಜೊತೆಗಾರರು, ಬಸ್ಸಿನ ಕಂಡಕ್ಟರು ಎಲ್ಲರೂ ಅದರ ರುಚಿ ನೋಡಿದ್ದಾರೆ. ಆದರೆ ಮನುಷ್ಯರ ಮೇಲೆ ಬಂದ ಸಿಟ್ಟನ್ನೆಲ್ಲ ತಕ್ಕಡಿಯ ಒಂದು ಪರಡಿಯಲ್ಲಿ ಹಾಕಿ, ಒಂದು ಹಿತ್ತಾಳೆಯ ಕಾರ್ಬೊರೇಟರಿನ ಮೇಲೆ ಬಂದ ಸಿಟ್ಟನ್ನು ಇನ್ನೊಂದರಲ್ಲಿ ಹಾಕಿದರೆ ಎರಡನೆಯದೇ ಕೆಳಗೆ ಕೂಡುತ್ತದೆ. ಚಹಾ ಕುಡಿಯುವ ಲೋಟಕ್ಕಿಂತ ತುಸು ದೊಡ್ಡದು, ಅಷ್ಟೇ. ಅದರೊಳಗೆ ಪೆಟ್ರೋಲು ಬಂದು ನಿಲ್ಲುವ ಒಂದು ಬಟ್ಟಲು, ಬಟ್ಟಲಲ್ಲಿ ತೇಲುವ ಒಂದು ಪೊಳ್ಳು ಬುರುಡೆ, ಪೆಟ್ರೋಲು ಚಿಮ್ಮುವ ಸಣ್ಣ ತೂತಿನ ಒಂದು ಜೆಟ್, ಗಾಳಿ ಎಳೆದುಕೊಳ್ಳುವ ಒಂದು ಬಾಯಿ. ಇಷ್ಟರಲ್ಲಿ ಕೆಡುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆ ಕೇಳಿಕೊಂಡೇ ಅದಕ್ಕೆ ಕೈ ಹಾಕಿದವನು.

ನಮ್ಮೂರು ಬೀಳಗಿ ತಾಲ್ಲೂಕಿನದು, ಘಟಪ್ರಭೆಯ ದಂಡೆಯದು. ಅಕ್ಕನನ್ನು ಎದುರು ದಂಡೆಯ ಊರಿಗೆ ಕೊಟ್ಟಿದ್ದೆವು. ಕೊಟ್ಟಾಗ ಅದು ದೂರವೆಂದು ಯಾರಿಗೂ ಅನಿಸಿರಲಿಲ್ಲ. ಬೇಸಿಗೆಯಲ್ಲಿ ಹೊಳೆ ಮೊಣಕಾಲಿಗೆ ಬರುತ್ತಿತ್ತು. ಅಕ್ಕ ಬೆಳಿಗ್ಗೆ ಮುಸುರೆ ತಿಕ್ಕಿಟ್ಟು, ಸೀರೆ ಎತ್ತಿ ಕಟ್ಟಿಕೊಂಡು ದಾಟಿ ಬಂದು, ಅವ್ವನ ಕೈಯ ಬಿಸಿ ರೊಟ್ಟಿ ತಿಂದು, ತಲೆ ಬಾಚಿಸಿಕೊಂಡು ಸಂಜೆಗೆ ಹಿಂದಕ್ಕೆ ಹೋಗುತ್ತಿದ್ದಳು. ಆಲಮಟ್ಟಿಯಲ್ಲಿ ನೀರು ನಿಲ್ಲಿಸತೊಡಗಿದ ಮೇಲೆ ಹೊಳೆ ಹಿಂದಕ್ಕೆ ಒತ್ತಿಕೊಂಡು ಬಂತು. ದಂಡೆಯ ಹೊಲ ಹೋದವು, ಹಳೆ ಊರು ಹೋಯಿತು, ನಾವು ಮೇಲಿನ ಪುನರ್ವಸತಿಯ ಮನೆಗಳಿಗೆ ಬಂದೆವು. ಅಕ್ಕನ ಊರು ದಿನ್ನೆಯ ಮೇಲಿತ್ತು, ಅದು ಅಲ್ಲೇ ಉಳಿಯಿತು. ನಡುವೆ ಕಣ್ಣು ಹಾಯುವಷ್ಟು ನೀರು. ಬಸ್ಸಿನಲ್ಲಿ ಹೋಗುವುದಾದರೆ ಮೊದಲು ಬೀಳಗಿಗೆ, ಅಲ್ಲಿಂದ ಸೇತುವೆ ದಾಟುವ ಇನ್ನೊಂದು ಬಸ್ಸು, ಆ ಮೇಲೆ ಟೆಂಪೊಗೆ ಕಾಯುವುದು. ಬೆಳಿಗ್ಗೆ ಬಿಟ್ಟವರು ಮಧ್ಯಾಹ್ನ ದಾಟಿದ ಮೇಲೆ ಮುಟ್ಟುತ್ತಿದ್ದರು.

ಅದೇ ಹೊತ್ತಿಗೆ ಅಕ್ಕನ ಅತ್ತೆಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ಮಾವ, ಅಂದರೆ ಅಕ್ಕನ ಗಂಡ, ರಬಕವಿ-ಬನಹಟ್ಟಿಯಲ್ಲಿ ಸೀರೆ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದವನು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅತ್ತೆಯನ್ನು ಎಬ್ಬಿಸಿ ಕೂರಿಸುವುದು, ತೊಳೆಯುವುದು, ತುತ್ತು ಮಾಡಿ ಉಣಿಸುವುದು ಎಲ್ಲ ಅಕ್ಕನದೇ. ಬೆಳಗಿನ ಊಟ ಮಾಡಿಸಿ ಹೊರಟರೆ ಸಂಜೆ ದೀಪ ಹಚ್ಚುವುದರೊಳಗೆ ಅಕ್ಕ ಮನೆಯಲ್ಲಿರಬೇಕಿತ್ತು. ಆಚೆ ಮನೆಯ ಹೆಂಗಸು ಅಷ್ಟು ಹೊತ್ತು ನೋಡಿಕೊಳ್ಳುವುದಾಗಿ ಒಪ್ಪಿದ್ದಳು. ಬಸ್ಸಿನಲ್ಲಿ ಅದು ಆಗುವ ಮಾತಲ್ಲ. ದೋಣಿಯಲ್ಲಾದರೆ ಆಗುತ್ತಿತ್ತು, ಆದರೆ ಆಗ ನಮ್ಮದೆಂಬ ದೋಣಿ ಇರಲಿಲ್ಲ. ಹೀಗಾಗಿ ನಾಗರ ಪಂಚಮಿ ಬಂತೆಂದರೆ ನಮ್ಮ ಮನೆಯಲ್ಲಿ ಹಬ್ಬದ ಸಿಹಿ ಉಂಡಿ ಕಟ್ಟುತ್ತಲೇ ಅವ್ವ ಅಳುವುದು ಶುರುವಾಗುತ್ತಿತ್ತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ಕರೆಯದಿದ್ದರೆ ಆ ಮನೆಯಲ್ಲಿ ಗಂಡಸರಿದ್ದೂ ಇಲ್ಲದಂತೆ.

ಅಣ್ಣ ಒಕ್ಕಲುತನ ನೋಡಿಕೊಳ್ಳುತ್ತಿದ್ದ, ನಾನು ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ನಡುಗಡ್ಡೆಯಂತೆ ಉಳಿದ ನಮ್ಮ ತುಂಡು ಹೊಲದಿಂದ ಮೇವು ತರಲೆಂದು ಅಣ್ಣ ಒಂದು ದೋಣಿ ಮಾಡಿಸಿದ್ದ. ಅದಕ್ಕೆ ಇಂಜಿನ್ ಹುಡುಕಿ ತಂದವನು ನಾನು. ಜಮಖಂಡಿಯಲ್ಲಿ ಹಳೆ ಕಬ್ಬಿಣ ಮಾರುವ ಮೋಡಕಾ ಅಂಗಡಿಯ ಮೂಲೆಯಲ್ಲಿ, ಮುರಿದ ಗಾಣದ ಕೆಳಗೆ ಅದು ಬಿದ್ದಿತ್ತು. ಒಂದೇ ಸಿಲಿಂಡರಿನ ವಿಲಾಯಿತಿ ಇಂಜಿನ್. “ಸಂಸ್ಥಾನದ ಕಾಲದ್ದರಿ ಸಾಹೇಬ್ರ, ದೊರೆಗಳು ಕೆರಿಯಾಗ ಬಾತುಕೋಳಿ ಬ್ಯಾಟಿಗೆ ಹೊಂಟ್ರ ಇದ ಇಂಜಿನ್,” ಎಂದ ಅಂಗಡಿಯವ. ಜಮಖಂಡಿಯಲ್ಲಿ ಹಳೆಯದೆಲ್ಲ ಸಂಸ್ಥಾನದ್ದೇ. ಮೂರು ಕಾಲಿನ ಕುರ್ಚಿಯಿದ್ದರೂ ಅದರಲ್ಲಿ ದೊರೆಯೇ ಕೂತಿರುತ್ತಾನೆ. ಆ ಮಾತು ನಾನು ನಂಬಲಿಲ್ಲ. ಆದರೆ ಕೊಳೆ ಒರೆಸಿದಾಗ ಹಿತ್ತಾಳೆಯ ಕಾರ್ಬೊರೇಟರ್ ಹೊಳೆದದ್ದೇ ತಡ, ನನ್ನ ಬುದ್ಧಿ ಹೋಯಿತು.

ಹಿನ್ನೀರಿನಲ್ಲಿ ಓಡಾಡುವ ಉಳಿದವರೆಲ್ಲ ದೋಣಿಯಲ್ಲಿ ಡೀಸೆಲ್ ಪಂಪ್‌ಸೆಟ್ ಕೂರಿಸಿಕೊಂಡಿದ್ದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನಮ್ಮನ್ನು ನೋಡಿ ನಕ್ಕರು. ನಮ್ಮ ದೋಣಿ ಸಣ್ಣದು, ಪಂಪ್‌ಸೆಟ್ಟಿನ ನಡುಕಕ್ಕೆ ಹಲಗೆ ಬಿಚ್ಚಿಕೊಳ್ಳುತ್ತದೆ ಎಂದು ನಾನು ವಾದಿಸಿದೆ. ಅದು ಅರ್ಧ ಖರೆ. ಇನ್ನರ್ಧ, ಆ ಇಂಜಿನ್ ನನಗೆ ಬೇಕಾಗಿತ್ತು.

ಮೊದಲ ಪಂಚಮಿಗೆ ನಾನೂ ಅಣ್ಣನೂ ಹೊರಟೆವು. ಅವ್ವ ದಂಡೆಗೆ ಬಂದು ಇಂಜಿನ್ನಿಗೆ ವಿಭೂತಿ ಹಚ್ಚಿದಳು, ಕಾಯಿ ಒಡೆದಳು. ಹ್ಯಾಂಡಲ್ ತಿರುವಿದೊಡನೆ ಶುರುವಾಯಿತು. ಊರೇ ನೋಡುವಂತೆ ಠೀವಿಯಿಂದ ಹೋದೆವು. ಸರಿಯಾಗಿ ನಡುನೀರಿಗೆ ಹೋದಾಗ ಕೆಮ್ಮಿತು, ಸೀನಿತು, ನಿಂತುಬಿಟ್ಟಿತು. ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋದವು. ಸ್ವಲ್ಪ ಹೊತ್ತು ಸುಮ್ಮನಿದ್ದು ತಿರುವಿದರೆ ಶುರುವಾಗಿ, ನಾಲ್ಕು ಮಾರು ಹೋಗಿ ಮತ್ತೆ ನಿಲ್ಲುವುದು. ಹುಟ್ಟು ಹಾಕುತ್ತ, ಗಾಳಿಗೆ ಅಡ್ಡಡ್ಡ ಸರಿಯುತ್ತ ನಾವು ಆ ದಂಡೆ ಮುಟ್ಟುವ ಹೊತ್ತಿಗೆ ಅಲ್ಲಿ ಜನ ಕೂಡಿದ್ದರು. ಹಬ್ಬಕ್ಕೆ ಬಂದಿದ್ದ ಮಾವನೂ ಇದ್ದ.

ಅಕ್ಕನ ಅತ್ತೆ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದರು. ಸೊಟ್ಟಗಾದ ಬಾಯಿಂದ ಒಂದೊಂದೇ ಮಾತು ಹೊರಡಿಸಿದರು. “ನನ್ನ ಸೊಸಿನ್ನ ಹೊಳಿ ಪಾಲ ಮಾಡಾಕ ನಾ ಕಳಸಂಗಿಲ್ಲಪಾ. ಆ ನಿಮ್ಮ ಮಷೀನ ನಡಕ ನಿಲ್ಲದ ಬಂದ ದಿನ ಕರಕೊಂಡ ಹೋಗ್ರಿ. ಮಾತ ಕೊಟ್ಟೇನಿ.” ಅಕ್ಕ ಬಾಗಿಲಲ್ಲಿ ಹೊಸ ಸೀರೆ ಉಟ್ಟು ನಿಂತಿದ್ದಳು. ಉಂಡಿಯ ಚೀಲ ಇಸಿದುಕೊಂಡು ಒಳಗೆ ಹೋದಳು. ನಾನು ಆ ದಿನವೇ ಹಟ ತೊಟ್ಟೆ.

ಮೊದಲು ಇಂಜಿನ್ನನ್ನು ಮುಧೋಳದ ಒಬ್ಬ ಮೇಸ್ತ್ರಿಯ ಹತ್ತಿರ ಒಯ್ದೆ. ಅವನು ಕಿವಿಗೊಟ್ಟು ಕೇಳಿ, “ಉಣ್ಣಾಕ ಕಡಿಮಿ ಬೀಳಾಕತ್ತೈತ್ರಿ ಇದಕ್ಕ. ಜೆಟ್ಟಿನ ತೂತ ದೊಡ್ಡದ ಮಾಡಿ ಕೊಡ್ತೀನಿ, ಮುಧೋಳ ನಾಯಿ ಓಡಿದಂಗ ಓಡ್ತೈತಿ ನೋಡ್ರಿ,” ಎಂದ. ಕಬ್ಬಿನ ಸೀಮೆಯಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು: ಇನ್ನಷ್ಟು ಕೊಡು. ಬೆಳೆ ಬಾಡಿದರೆ ಇನ್ನಷ್ಟು ನೀರು, ಸೊರಗಿದರೆ ಇನ್ನಷ್ಟು ಗೊಬ್ಬರ. ನೆಲವೆಲ್ಲ ಸವಳಾಗಿ ಬೆಳ್ಳಗೆ ಉಪ್ಪು ಕಾರಿದರೂ ನಮಗೆ ಬುದ್ಧಿ ಬಂದಿಲ್ಲ. ತೂತು ದೊಡ್ಡದಾದ ಮೇಲೆ ಇಂಜಿನ್ ಕರಿ ಹೊಗೆ ಕಾರತೊಡಗಿತು, ಪ್ಲಗ್ಗಿನ ತುಂಬ ಮಸಿ. ಮುಧೋಳ ನಾಯಿಯಲ್ಲ, ಉಂಡು ಮಲಗಿದ ಎಮ್ಮೆಯ ಹಾಗೆ ಏದುಸಿರು ಬಿಡುತ್ತ ನಡುನೀರಿನವರೆಗೆ ಹೋಗಿ ಅಲ್ಲೇ ನಿಂತಿತು.

ಆ ಮೇಲೆ ಯಾರ ಕೈಗೂ ಕೊಡಲಿಲ್ಲ. ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಕೇಳಿಕೊಂಡು, ನನ್ನ ಪಾಳಿ ಮುಗಿದ ಮೇಲೆ ಕೂತು ಜೆಟ್ಟಿನ ತೂತಿಗೆ ಬೆಸುಗೆ ತುಂಬಿ, ಇದ್ದುದರಲ್ಲೇ ಸಣ್ಣ ಡ್ರಿಲ್ಲಿನಿಂದ ಹೊಸದಾಗಿ ಕೊರೆದೆ. ಹೊಗೆ ನಿಂತಿತು. ತೇಲುವ ಬುರುಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕುಳುಕುಳು ಸದ್ದು. ಪೆಟ್ರೋಲು ಒಳಗೆ ನುಗ್ಗಿ ಅದು ಮುಳುಗುತ್ತಿತ್ತು. ಬಿಸಿನೀರಿನಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಗುರುತು ಮಾಡಿ ಬೆಸೆದೆ. ಸೂಜಿ ತಿಕ್ಕಿ ಕೂರಿಸಿದೆ. ಅವ್ವನ ಹಳೆಯ ತೆಳು ಮಲ್ಲಿನ ಸೀರೆಯ ಸೆರಗು ಹರಿದು ಪೆಟ್ರೋಲು ಸೋಸಿದೆ. ಕೊಳವೆ ಬದಲಿಸಿದೆ. ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು, ಮುಚ್ಚಳಕ್ಕೆ ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿದೆ. ವರ್ಕ್‌ಶಾಪಿನಲ್ಲಿ, ನೀರಿನ ಡ್ರಮ್ಮಿನ ಪಕ್ಕ, ಅದು ಮುಂದಿನ ಪಾಳಿ ಮುಗಿಯುವವರೆಗೂ ಒಂದೇ ಸಮನೆ ಓಡಿತು. ಆ ಸದ್ದು ಕೇಳುತ್ತಿದ್ದರೆ ನನಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ಊರಿಗೆ ತಂದು ದೋಣಿಗೆ ಕೂರಿಸಿದರೆ ನಡುನೀರಿನಲ್ಲಿ ಮತ್ತೆ ನಿಂತಿತು.

ನನ್ನ ಸಿಟ್ಟು ಏನೆಂದು ಹೇಳಲಿ. ಸ್ಪ್ಯಾನರ್ ಎತ್ತಿ ನೀರಿಗೆ ಎಸೆದೆ. ಎಸೆದ ಮೇಲೆ ಅದು ಬೇಕಾಯಿತು. “ಲೇ, ನೀ ಬೈದ್ರ ಅದೇನ ಎದ್ದ ಕುಂದ್ರಂಗಿಲ್ಲ, ಹುಟ್ಟ ಹಾಕ,” ಎಂದ ಅಣ್ಣ. ತಪ್ಪನ್ನು ಗಾಳಿಯ ಮೇಲೆ ಹಾಕಿದೆ, ನೀರಿನ ತಂಪಿನ ಮೇಲೆ ಹಾಕಿದೆ, ಪೆಟ್ರೋಲ್ ಬಂಕಿನವನ ಮೇಲೆ ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪುನರ್ವಸತಿಯ ಕಟ್ಟೆಯ ಮೇಲೆ ಕೂಡುವವರಿಗೆ ನಾನೊಂದು ಮಾತಿನ ವಸ್ತುವಾದೆ. “ಏನ್ರಿ ಫಿಟ್ಟರ್ ಸಾಹೇಬ್ರ, ಇವತ್ತ ಎಲ್ಲಿಗಿ ಮುಟ್ಟಿತು?” ಎಂದು ಕೇಳುವರು. ಎರಡನೆಯ ಪಂಚಮಿಯೂ ಹೋಯಿತು, ಆ ಮೇಲಿನದೂ ಹೋಯಿತು. ಪ್ರತಿ ಸಲವೂ ಅಕ್ಕ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು. ಪ್ರತಿ ಸಲವೂ ಉಂಡಿಯ ಚೀಲ ಮಾತ್ರ ಒಳಗೆ ಹೋಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂಬ ಮಾತನ್ನು ಕಟ್ಟಿದವನು ನನ್ನಂಥವನನ್ನೇ ನೋಡಿರಬೇಕು.

ಗುಟ್ಟು ಸಿಕ್ಕಿದ್ದು ಒಂದು ರವಿವಾರ, ಬಿರುಬಿಸಿಲಿನಲ್ಲಿ. ಮೇವು ತರಲು ಹೊರಟಿದ್ದೆವು. ಎಂದಿನ ಜಾಗದಲ್ಲಿ ನಿಂತಿತು. ನಾನು ಬೈಯುವುದಕ್ಕೂ ಬೇಸತ್ತು ಕಾರ್ಬೊರೇಟರಿನ ಮುಚ್ಚಳ ಸಡಿಲಿಸಿದೆ. ಮುಚ್ಚಳ ಏಳುವಾಗ ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿತು. ನೋಡಿದರೆ ಬಟ್ಟಲಿನ ತುಂಬ ಪೆಟ್ರೋಲು! ಎದುರಿಗೆ ತಾಟು ತುಂಬಿಟ್ಟುಕೊಂಡು ಉಪವಾಸ ಸತ್ತವನ ಹಾಗೆ ಇಂಜಿನ್ ನಿಂತಿತ್ತು. ಮುಚ್ಚಳ ಸಡಿಲವಾಗಿಯೇ ಇಟ್ಟು ತಿರುವಿದೆ. ಒಂದೇ ಸುತ್ತಿಗೆ ಶುರುವಾಗಿ, ನಿಲ್ಲದೆ ಹೊಲದವರೆಗೆ ಹೋಯಿತು.

ದಂಡೆಯಲ್ಲಿ ಮುಚ್ಚಳ ಕೈಯಲ್ಲಿ ಹಿಡಿದು ಕೂತೆ. ಅದರ ನೆತ್ತಿಯಲ್ಲಿ ಗಾಳಿಯಾಡಲು ಒಂದು ಸೂಜಿತೂತು ಇರುತ್ತದೆ. ಆ ತೂತಿನ ಮೇಲೆ, ಅಡ್ಡಕ್ಕೆ, ಮೂರು ಬೆರಳು ವಿಭೂತಿ.

ನಮ್ಮ ಮನೆಯಲ್ಲಿ ಎತ್ತಿರಲಿ, ಟ್ರ್ಯಾಕ್ಟರಿರಲಿ, ಹಿಟ್ಟಿನ ಗಿರಣಿಯಿರಲಿ, ವಿಭೂತಿ ಹಚ್ಚದೆ ಕೆಲಸಕ್ಕೆ ಬಿಡುವುದಿಲ್ಲ. ದೋಣಿ ಬಿಡುವಾಗಲೆಲ್ಲ ಅವ್ವ ಬಂದು ಹಚ್ಚುತ್ತಿದ್ದಳು. ಹಚ್ಚಲು ಇಂಜಿನ್ನಿನಲ್ಲಿ ಬೇರೆ ಜಾಗವೆಲ್ಲ ಎಣ್ಣೆಮಸಿ. ನಾನು ತಿಕ್ಕಿ ಬೆಳಗಿದ ಮುಚ್ಚಳವೊಂದೇ ಚೊಕ್ಕ. ಹೊರಡುವಾಗ ವಿಭೂತಿ ಹಸಿಯಾಗಿದ್ದು ಹೇಗೋ ಗಾಳಿ ಬಿಡುತ್ತಿತ್ತು. ಇಂಜಿನ್ ಕಾಯುತ್ತ ಹೋದಂತೆ ಒಣಗಿ ಸಿಮೆಂಟಿನ ಹಾಗೆ ತೂತನ್ನು ಮುಚ್ಚುತ್ತಿತ್ತು. ಅಷ್ಟು ಹೊತ್ತಿಗೆ ನಾವು ನಡುನೀರಿನಲ್ಲಿರುತ್ತಿದ್ದೆವು. ಇಂಜಿನ್ ಕೆಟ್ಟಾಗಲೆಲ್ಲ ಅವ್ವ ಇನ್ನೂ ಭಕ್ತಿಯಿಂದ, ಇನ್ನೂ ದಪ್ಪಗೆ ಹಚ್ಚುತ್ತಿದ್ದಳು. ನಾನೋ, ವರ್ಕ್‌ಶಾಪಿಗೆ ಒಯ್ದ ಕೂಡಲೆ ಮೊದಲು ತೊಳೆದುಬಿಡುತ್ತಿದ್ದೆ.

ಮನೆಗೆ ಬಂದವನೇ ಒದರಾಡಿದೆ. ಅವ್ವನಿಗೆ ತಿಳಿಯಲಿಲ್ಲ. ಆಗ ಅಡುಗೆಮನೆಯಿಂದ ಶೇಂಗಾ ಎಣ್ಣೆಯ ಡಬ್ಬಿ ತಂದು ಮುಂದಿಟ್ಟೆ. “ಇದಕ್ಕ ಎಲ್ಡ ತೂತ ಯಾಕ ಹೊಡೀತಿ?”

“ಒಂದ ಹೊಡದ್ರ ಎಣ್ಣಿ ಬೀಳಂಗಿಲ್ಲಲ್ಲೋ. ಗಾಳಿಗಿ ಇನ್ನೊಂದ ಬೇಕು.”

“ಹಾಂ, ಆ ಗಾಳಿ ತೂತ ನೀ ವಿಭೂತಿ ಹಚ್ಚಿ ಮುಚ್ಚಾಕತ್ತೀ. ಅದಕ್ಕ ಅದು ನಿಲ್ಲಾಕತ್ತೈತಿ!”

ಅವ್ವ ಡಬ್ಬಿಯನ್ನೇ ನೋಡುತ್ತ ಕೂತಳು. ಆಮೇಲೆ ತನ್ನ ಬಲಗೈಯ ಬೆರಳು ನೋಡಿಕೊಂಡಳು. “ಹಂಗಂದ್ರ ಇಷ್ಟ ವರ್ಷ ನನ್ನ ಮಗಳು ಬರದಂಗ ಮಾಡಿದಾಕಿ ನಾನ ಏನೋ?” ಎಂದಳು. ಅಣ್ಣ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಹಾಗಲ್ಲವ್ವಾ, ಜೆಟ್ಟೂ ಕೆಟ್ಟಿತ್ತು, ಬುರುಡೆಯೂ ಸೋರುತ್ತಿತ್ತು ಎಂದು ಏನೇನೋ ಸಮಜಾಯಿಷಿ ಕೊಟ್ಟೆ. ಎಲ್ಲ ಖರೆಯ ಮಾತೇ, ಆದರೆ ಅವಳ ಕಿವಿಗೆ ಬೀಳಲಿಲ್ಲ. ಆ ದಿನದಿಂದ ಅವ್ವ ದೋಣಿಯ ಹತ್ತಿರ ಬರುವುದನ್ನೇ ಬಿಟ್ಟಳು. ದೋಣಿಯ ಮೂತಿಗೆ ಹಚ್ಚು ಬಾ ಎಂದು ಕರೆದರೂ, “ಬ್ಯಾಡ, ನನ್ನ ಕೈ ಬ್ಯಾಡ,” ಎನ್ನುತ್ತಿದ್ದಳು. ಪಂಚಮಿಗೆ ಮಗಳು ಬಂದರೆ ಮಾತ್ರ ಅವಳ ಈ ಕೊರಗು ಹೋಗುತ್ತದೆ ಎಂದು ನನಗೆ ಅನ್ನಿಸಿತು. ಈಗ ಬರದೆ ಇರಲು ಕಾರಣವೂ ಇರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಹೊಸ ನೀರು ಕೆಂಪಗೆ ತುಂಬಿತ್ತು. ಪಂಚಮಿಯ ಬೆಳಿಗ್ಗೆ ನಾನೊಬ್ಬನೇ ಹೊರಟೆ. ಅಣ್ಣ ಬರುತ್ತೇನೆಂದ; ಬೇಡ, ಭಾರ ಕಡಿಮೆಯಿರಲಿ ಎಂದೆ. ಖರೆ ಹೇಳಬೇಕೆಂದರೆ ಆ ಸುಖ ನನಗೊಬ್ಬನಿಗೇ ಬೇಕಾಗಿತ್ತು. ಇಂಜಿನ್ ಒಂದು ಸಲವೂ ತಪ್ಪದೆ, ಒಂದೇ ಲಯದಲ್ಲಿ, ಬಾಣಂತಿಯ ಮಗು ಹಾಲು ಕುಡಿದಂತೆ ಪೆಟ್ರೋಲು ಕುಡಿಯುತ್ತ ಓಡಿತು. ನಡುನೀರಿನಲ್ಲಿ ನಾನು ಎದ್ದು ನಿಂತು ಕೂಗಿದೆ. ಕೇಳುವವರು ಯಾರೂ ಇರಲಿಲ್ಲ. ಆ ದಂಡೆಯಲ್ಲಿ ಎಂದೂ ಇಲ್ಲದ ಠೀವಿಯಿಂದ ಇಳಿದೆ.

ಸದ್ದು ಪಡಸಾಲೆಗೆ ಮೊದಲೇ ಮುಟ್ಟಿತ್ತು. ಮಾವ ಆ ಸಲ ಬಂದಿರಲಿಲ್ಲ. ಅತ್ತೆ ನನ್ನನ್ನು ನೋಡಿ, “ನಿಲ್ಲದ ಬಂತಲ್ಲಪಾ,” ಎಂದರು.

“ಬಂತ್ರಿ ಅತ್ತಿ.”

“ಕರಕೊಂಡ ಹೋಗು. ಮಾತ ಕೊಟ್ಟಾಕಿ ನಾನು.” ಹಾಗೆಂದು ಮುಖ ಗೋಡೆಗೆ ತಿರುಗಿಸಿದರು. ಆಚೆ ಮನೆಯ ಹೆಂಗಸು ಬಂದು ಹೊರಸಿನ ಪಕ್ಕ ಕೂತಿದ್ದಳು. ಎಲ್ಲ ಸರಿಯಾಗಿತ್ತು. ಅಕ್ಕ ಸೀರೆ ಉಟ್ಟು ಬಂದಳು, ನನ್ನ ಜೊತೆ ದಂಡೆಯವರೆಗೆ ನಡೆದಳು. ದೋಣಿಯ ಅಂಚಿಗೆ ಕೈ ಇಟ್ಟಳು. ಅಲ್ಲೇ ನಿಂತಳು.

“ನೀ ಹೋಗೋ ತಮ್ಮಾ,” ಎಂದಳು.

ನಾನು ಒದರಿದೆ. “ಯಾಕ? ಅತ್ತಿ ಹೂಂ ಅಂದ್ರಲ್ಲ? ಮಷೀನ ಛಲೋ ಆತಲ್ಲ? ಇನ್ನೇನಾತು ನಿನಗ?”

“ಮಷೀನ ಕೆಟ್ಟಾಗ ಛಲೋ ಇತ್ತೋ,” ಎಂದಳು ಅಕ್ಕ. “ಬರಾಕ ಆಗಲಿಲ್ಲ ಅಂತ ನಾನೂ ಅಳತಿದ್ದೆ, ಅವ್ವನೂ ಅಳತಿದ್ದಳು, ಅಲ್ಲಿಗಿ ಮುಗೀತಿತ್ತು. ಈಗ ಬಂದು ಒಮ್ಮಿ ಅವ್ವನ ತೊಡಿ ಮ್ಯಾಲ ತಲಿ ಇಟ್ಟೆ ಅಂದ್ರ, ಸಂಜಿಗಿ ಎದ್ದು ಮತ್ತ ಈ ದಂಡಿಗಿ ಬರೂ ಶಕ್ತಿ ನನಗಿಲ್ಲೋ. ನಾ ತಿರುಗಿ ಬರಲಿಲ್ಲಂದ್ರ ಇವರ ಗತಿ ಏನು?”

ನಾನು ವಾದಿಸಿದೆ, ಬೈದೆ, ಕೈ ಹಿಡಿದು ಜಗ್ಗಿದೆ. ಎಷ್ಟು ವರ್ಷ ಇದಕ್ಕೆ ಸುರಿದಿದ್ದೇನೆ ಗೊತ್ತೇನು ಎಂದೆ. ಗೊತ್ತು ಎಂದಳು. ಅವ್ವನಿಗೆ ಏನು ಹೇಳಲಿ ಎಂದೆ. “ಏನರೆ ಹೇಳು. ನಾ ಒಲ್ಲೆ ಅಂದೆ ಅಂತ ಮಾತ್ರ ಹೇಳಬ್ಯಾಡ.” ಉಂಡಿಯ ಚೀಲ ಇಸಿದುಕೊಂಡು ಹಿಂದಿರುಗಿ ನೋಡದೆ ಹೋದಳು.

ನನ್ನ ಕೆಲಸದಲ್ಲಿ ಒಂದು ನಂಬಿಕೆಯಿದೆ: ಕೆಟ್ಟದ್ದನ್ನು ಸರಿ ಮಾಡಿದರೆ ಮುಂದಿನದು ತಾನೇ ಸರಿಹೋಗುತ್ತದೆ. ಅದರ ಮೇಲೆಯೇ ನಾನು ಸಂಬಳ ತೆಗೆದುಕೊಳ್ಳುವವನು. ಆ ದಿನ ನೀರಿನ ಮೇಲೆ ಬರುತ್ತ ಆ ನಂಬಿಕೆಯನ್ನು, ಅಕ್ಕನನ್ನು, ಅತ್ತೆಯನ್ನು, ಆಣೆಕಟ್ಟನ್ನು, ಎಲ್ಲವನ್ನೂ ಬೈದೆ. ಇಂಜಿನ್ ಮಾತ್ರ ಒಂದು ಸಲವೂ ತಪ್ಪಲಿಲ್ಲ. ನಮ್ಮ ದಂಡೆ ಸಮೀಪಿಸಿತು. ಜಾಲಿಗಿಡಗಳ ಆಚೆಗೆ ಅವ್ವ ನಿಂತಿರುತ್ತಾಳೆ. ನಿಲ್ಲದೆ ಬರುವ ಸದ್ದು ಕೇಳಿದರೆ ಮಗಳು ಬಂದಳೆಂದೇ ತಿಳಿಯುತ್ತಾಳೆ. ಸದ್ದು ಅವಳ ಕಿವಿಗೆ ಬೀಳುವ ಮೊದಲೇ ಕೈ ಚಾಚಿ ಪೆಟ್ರೋಲಿನ ನಲ್ಲಿ ತಿರುವಿ ಮುಚ್ಚಿದೆ. ಬಟ್ಟಲಲ್ಲಿದ್ದುದನ್ನು ಕುಡಿದು ಅದು ಕೆಮ್ಮಿತು, ಸೀನಿತು, ನಿಂತಿತು. ಹುಟ್ಟು ಹಾಕಿಕೊಂಡು ದಂಡೆಗೆ ಬಂದೆ.

ಅವ್ವ ನೀರಿನ ಅಂಚಿನಲ್ಲಿದ್ದಳು. ಖಾಲಿ ದೋಣಿ ನೋಡಿದಳು.

“ಹೋಗೂ ಮುಂದ ನಡುನೀರಾಗ ನಿಂತ್ಬಿಡ್ತವ್ವಾ,” ಎಂದೆ. “ಅವರು ನೋಡಿದ್ರು. ಕಳಸಲಿಲ್ಲ.”

ಬಾಗಿ ಇಂಜಿನ್ನಿನ ಮುಚ್ಚಳವನ್ನು ನೋಡಿದಳು. ಆಮೇಲೆ ಮೆಲ್ಲಗೆ, “ಈ ಸಲ ನಾ ಹಚ್ಚಿರಲಿಲ್ಲಲ್ಲೋ,” ಎಂದಳು.

“ಇಲ್ಲವ್ವಾ.”

“ಹಂಗಾದ್ರ ನನ್ನ ಕೈದಲ್ಲ ಬಿಡು ತಪ್ಪು.” ಸೆರಗಿನಿಂದ ಮುಖ ಒರೆಸಿಕೊಂಡು, ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನ ಮೇಲೆ ರೇಗಿದಳು. ದೊಡ್ಡ ಫಿಟ್ಟರ್ ಅಂತ ಹೇಳಿಕೊಂಡು ತಿರುಗುತ್ತೀ, ಒಂದು ಇಂಜಿನ್ ಸುದ್ದ ಮಾಡಲು ಬರುವುದಿಲ್ಲ ನಿನಗೆ ಎಂದಳು. ಕಟ್ಟೆಯ ಮೇಲಿದ್ದವರು ಕೇಳಿಸಿಕೊಂಡು ಗೊಳ್ಳೆಂದು ನಕ್ಕರು. ಪಂಪ್‌ಸೆಟ್ ಕೂಡಿಸ್ರಿ ಸಾಹೇಬ್ರ ಎಂದು ಒಬ್ಬ ಕೂಗಿದ. ನಾನು ದೋಣಿಯನ್ನು ದಂಡೆಗೆ ಎಳೆದು ಕಟ್ಟಿದೆ.

ಮರುದಿನ ಅಂಗಳದಲ್ಲಿ ಗೋಣಿಚೀಲ ಹಾಸಿ, ಏನೂ ಕೆಡದ ಆ ಕಾರ್ಬೊರೇಟರನ್ನು ಬಿಚ್ಚಿ ಹರವಿಕೊಂಡು ಕೂತೆ. ಬಿಚ್ಚದಿದ್ದರೆ ಅವ್ವ ನಂಬುತ್ತಿರಲಿಲ್ಲ. ಜೆಟ್ ಚೊಕ್ಕ, ಸೂಜಿ ಚೊಕ್ಕ, ಬುರುಡೆ ಒಣಗಿ ಹಗುರ. ಚೊಕ್ಕವಿದ್ದುದನ್ನೇ ಮತ್ತೆ ತೊಳೆದೆ. ಅವ್ವ ಚಹಾ ತಂದು ಪಕ್ಕದಲ್ಲಿಟ್ಟು, ಬಗ್ಗಿ ನೋಡಿದಳು.

“ಸಿಕ್ಕಿತೇನೋ ಏನ ಕೆಟ್ಟೈತಂತ?”

“ಇನ್ನೂ ಇಲ್ಲವ್ವಾ,” ಎಂದೆ.